ಪ್ರಬಂಧಗಳ ಎಣಿಕೆಯೂ ಮನೋವಿಜ್ಞಾನಿಯ ಯೋಗ್ಯತೆಯೂ

ದಿಲ್‌ಸುಖ್‌ನಗರದಲ್ಲಿ ಬಸ್ಸಿಳಿದು ಸಾಯಿಬಾಬಾ ಮಂದಿರದ ಕಡೆಗೆ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಕೋಚಿಂಗ್ ಸೆಂಟರುಗಳ ಬೋರ್ಡುಗಳು. ಒಂದೊಂದು ಬೋರ್ಡಿನ ಮೇಲೂ ಹುಡುಗ ಹುಡುಗಿಯರ ಭಾವಚಿತ್ರ, ಅದರ ಕೆಳಗೆ ಒಂದು ಸಂಖ್ಯೆ. ಆ ಸಂಖ್ಯೆ ಚಿಕ್ಕದಾದಷ್ಟೂ ಭಾವಚಿತ್ರ ದೊಡ್ಡದು. ವಿದ್ಯೆಯನ್ನು ಸಂಖ್ಯೆಯಿಂದ ಅಳೆಯುವ ಪಾಠವನ್ನು ಈ ಬಡಾವಣೆಯಲ್ಲಿ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಲು ತರಲು ಹೋದರೂ ಸಾಕು, ಕಲಿತು ಬರಬಹುದು. ಕಲಬುರಗಿ, ಬೀದರ, ರಾಯಚೂರುಗಳಿಂದ ಬಂದು ಇಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳೂ ಈ ಪಾಠವನ್ನು ಚೆನ್ನಾಗಿಯೇ ಕಲಿತಿವೆ.

ಕೆಲವು ತಿಂಗಳ ಹಿಂದೆ ಚೈತನ್ಯಪುರಿಯ ಒಂದು ಮನೆಗೆ ನಾವು ಹೋಗಿದ್ದೆವು. ಕಲಬುರಗಿಯ ಕಡೆಯವರು. ಮಗಳು ಮನೋವಿಜ್ಞಾನದಲ್ಲಿ ಎಂ.ಎ. ಮಾಡಿ, ಆಮೇಲೆ ಎರಡು ವರ್ಷ ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಮಾಡಿ, ಅದರ ಮೇಲೆ ಪಿಎಚ್.ಡಿ. ಪಡೆದವಳು. ಬುದ್ಧಿಮಾಂದ್ಯ ಮಕ್ಕಳ ತಾಯಂದಿರ ಮನಸ್ಥಿತಿ ಅವಳ ಸಂಶೋಧನೆಯ ವಿಷಯ. ಡಾಕ್ಟರೇಟಿನ ನಂತರದ ಸಂಶೋಧನಾ ಫೆಲೋಶಿಪ್ಪಿಗೆ ಒಂದು ಸಂಸ್ಥೆಗೆ ಅರ್ಜಿ ಹಾಕಿದ್ದಳು, ಆಯ್ಕೆಯಾಗಲಿಲ್ಲ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಆಯ್ಕೆಯಾದವರು ಒಂಬತ್ತು ಪ್ರಬಂಧ ಪ್ರಕಟಿಸಿದ್ದರಂತೆ, ಇವಳದು ಎರಡು. ಚಹಾದ ಕಪ್ಪು ನಮ್ಮ ಕೈಗಿಡುತ್ತ ಅವಳ ತಾಯಿ ಕೇಳಿದರು: "ಅಣ್ಣಾರ, ಹುಡುಗಿ ಇಷ್ಟು ವರ್ಷ ಓದ್ಯಾಳ. ಈಗ ನೋಡಿದ್ರ ಪೇಪರ್ ಸಾಲೂದಿಲ್ಲ ಅಂತಾರ. ಪೇಪರ್ ಬರಿಯಾಕ ಓದಿದ್ಳೋ, ರೋಗಿ ನೋಡಾಕ ಓದಿದ್ಳೋ, ನೀವ ಹೇಳ್ರಿ."

ಈ ಪ್ರಶ್ನೆಗೆ ಅಲ್ಲಿಯೇ ಉತ್ತರ ಹೇಳಲು ನಮ್ಮಿಂದ ಆಗಲಿಲ್ಲ. ನಾವು ಮನೋವಿಜ್ಞಾನಿಗಳಲ್ಲ. ಆದರೆ ಅರ್ಜಿಗಳನ್ನು ಓದಿ ವಿಂಗಡಿಸುವ ಕಚೇರಿಯ ಕೆಲಸದಲ್ಲಿ ಹಲವು ವರ್ಷ ಕಳೆದವರಾದ್ದರಿಂದ, ಹುಡುಗಿಯಿಂದ ಆ ಅರ್ಜಿಯ ಪ್ರತಿಯನ್ನು ಕೇಳಿ ತಂದು ಓದಿದೆವು. ಆ ಓದಿನಿಂದ ಹುಟ್ಟಿದ ವಿಚಾರಗಳನ್ನು ಇಲ್ಲಿ ಹೇಳುತ್ತಿದ್ದೇವೆ. ಟೀಕೆ ತೂಗಿದವರ ತಕ್ಕಡಿಯ ಬಗ್ಗೆಯೂ ಇದೆ, ತೂಕಕ್ಕೆ ಇಟ್ಟ ವಸ್ತುವಿನ ಬಗ್ಗೆಯೂ ಇದೆ.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ಮನೋವಿಜ್ಞಾನದಲ್ಲಿ ಪಿಎಚ್.ಡಿ. ಪಡೆದವರೆಲ್ಲ ರೋಗಿಗಳನ್ನು ನೋಡಬಹುದು ಎಂದು ನಮ್ಮಲ್ಲಿ ಅನೇಕ ತಂದೆತಾಯಿಗಳು ತಿಳಿದಿದ್ದಾರೆ. ಅದು ಹಾಗಲ್ಲ. ಈ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು, 1992ರ ಕಾಯಿದೆಯಿಂದ ಸ್ಥಾಪಿತವಾದ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ತರಬೇತಿ ಪಡೆದಿರಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಕೂಡ ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ನಡೆಸಿದ ಎರಡು ವರ್ಷಗಳ ಪೂರ್ಣಾವಧಿ ತರಬೇತಿಯ ಮಾತನ್ನೇ ಹೇಳುತ್ತದೆ. ಆ ತರಬೇತಿಯ ಹೆಸರು ಬಹುಕಾಲ ಎಂ.ಫಿಲ್. ಎಂದೇ ಇತ್ತು. 2022ರ ನವೆಂಬರಿನ ಯು.ಜಿ.ಸಿ. ನಿಯಮಾವಳಿ ದೇಶದಲ್ಲಿ ಎಂ.ಫಿಲ್. ಪದವಿಯನ್ನೇ ನಿಲ್ಲಿಸಿತು, ಬಳಿಕ 2024ರ ಜನವರಿಯಲ್ಲಿ ಕ್ಲಿನಿಕಲ್ ಸೈಕಾಲಜಿ ಮತ್ತು ಸೈಕಿಯಾಟ್ರಿಕ್ ಸೋಷಿಯಲ್ ವರ್ಕ್ ಇವೆರಡಕ್ಕೆ ಮಾತ್ರ 2025-26ರ ಶೈಕ್ಷಣಿಕ ವರ್ಷದವರೆಗೆ ರಿಯಾಯಿತಿ ಕೊಟ್ಟಿತು. ಮಕ್ಕಳನ್ನು ಈ ಓದಿಗೆ ಕಳಿಸುವವರು ಸೇರುವ ಮುನ್ನವೇ ಪದವಿಯ ಮಾನ್ಯತೆಯನ್ನು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹೀಗೆ ಈ ವೃತ್ತಿಯಲ್ಲಿ ಏಣಿಗಳು ಎರಡು. ಒಂದು ರೋಗಿಯ ಬಳಿಗೆ ಹೋಗುವುದು, ಇನ್ನೊಂದು ಸಂಶೋಧನೆಗೆ ಹೋಗುವುದು. ಎರಡನ್ನೂ ಒಬ್ಬನೇ ಹತ್ತಬೇಕೇ ಎಂಬ ವಾದ ಹಳೆಯದು. 1949ರಲ್ಲಿ ಅಮೆರಿಕದ ಬೋಲ್ಡರ್ ಊರಿನಲ್ಲಿ ಸೇರಿದ ಸಮ್ಮೇಳನ, ಕ್ಲಿನಿಕಲ್ ಸೈಕಾಲಜಿಸ್ಟ್ ಆದವನು ವಿಜ್ಞಾನಿಯೂ ಆಗಿರಬೇಕು, ಚಿಕಿತ್ಸಕನೂ ಆಗಿರಬೇಕು ಎಂದು ನಿರ್ಧರಿಸಿತು. 1973ರಲ್ಲಿ ವೇಲ್ ಎಂಬಲ್ಲಿ ಸೇರಿದವರು, ಚಿಕಿತ್ಸೆಯನ್ನೇ ಮುಖ್ಯವಾಗಿ ಮಾಡುವವರಿಗೆ ಬೇರೊಂದು ದಾರಿಯೂ ಇರಲಿ ಎಂದು ಒಪ್ಪಿದರು. ಈ ಕಾರಣದಿಂದ ಆ ದೇಶದಲ್ಲಿ ಡಾಕ್ಟರೇಟಿನ ನಂತರದ ಅವಕಾಶಗಳೂ ಎರಡು ಬಗೆಯವಾಗಿವೆ: ಲೈಸೆನ್ಸಿಗೆ ಬೇಕಾದ ಗಂಟೆಗಳನ್ನು ಮೇಲ್ವಿಚಾರಣೆಯಲ್ಲಿ ದುಡಿದು ತುಂಬಿಸಿಕೊಳ್ಳುವುದು ಒಂದು, ಪ್ರಯೋಗಾಲಯದಲ್ಲಿ ಸಂಶೋಧನೆ ಮುಂದುವರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಎಂಥ ರೋಗಿಗಳನ್ನು ಯಾರ ಕೈಕೆಳಗೆ ನೋಡಿದಿರಿ ಎಂಬ ಪ್ರಶ್ನೆ ಮುಂದೆ ಬರುತ್ತದೆ. ಎರಡನೆಯದರಲ್ಲಿ ಏನು ಹುಡುಕಿದಿರಿ, ಏನು ಬರೆದಿರಿ ಎಂಬುದು. ನಮ್ಮ ಹುಡುಗಿ ಅರ್ಜಿ ಹಾಕಿದ್ದು ಎರಡನೆಯ ಬಗೆಯದಕ್ಕೆ. ಆದ್ದರಿಂದ ಸಂಶೋಧನೆಯ ಹಿನ್ನೆಲೆ ಕೇಳಿದ್ದೇ ತಪ್ಪು ಎಂದು ನಾವು ಹೇಳುವಂತಿಲ್ಲ. ತಾಯಿಯ ಪ್ರಶ್ನೆಗೆ ಇದು ಅರ್ಧ ಉತ್ತರ.

ಸಂಶೋಧನೆಯಿಂದ ರೋಗಿಗೆ ಏನು ಸಿಕ್ಕಿದೆ? ಇದಕ್ಕೆ ದೂರ ಹೋಗಬೇಕಾಗಿಲ್ಲ. ಧಾರವಾಡಕ್ಕೆ ಹೋದರೆ ಸಾಕು. ಪ್ಯಾರಿಸಿನಲ್ಲಿ ಬಿನೆ ಮತ್ತು ಸಿಮೋನ್ 1905ರಲ್ಲಿ ಮಕ್ಕಳ ಬುದ್ಧಿಶಕ್ತಿಯ ಪರೀಕ್ಷೆಯನ್ನು ರಚಿಸಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು ತಮ್ಮ ದೇಶಕ್ಕೆ ಹೊಂದಿಸಿದರು. ಅದನ್ನು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗೆ ಹೊಂದಿಸಿದವರು ಧಾರವಾಡದ ಸೀಮೆಯಲ್ಲಿ ಕೆಲಸ ಮಾಡಿದ ವಿ.ವಿ. ಕಾಮತರು. 1934ರಲ್ಲಿ ಅವರ ಪ್ರಬಂಧ ಬ್ರಿಟನ್ನಿನ ಶೈಕ್ಷಣಿಕ ಮನೋವಿಜ್ಞಾನದ ಪತ್ರಿಕೆಯಲ್ಲಿ ಪ್ರಕಟವಾಯಿತು. 1940ರಲ್ಲಿ ಪುಸ್ತಕವೂ ಹೊರಬಂತು. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಿಂದ ಅದು ಇಂದಿಗೂ ದೇಶದ ಅನೇಕ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ಮಗು ತಡವಾಗಿ ಮಾತನಾಡುತ್ತದೆ, ಶಾಲೆಯಲ್ಲಿ ಹಿಂದುಳಿದಿದೆ ಎಂದು ಕರೆದುಕೊಂಡು ಹೋದ ಎಷ್ಟೋ ತಾಯಂದಿರ ಕೈಯಲ್ಲಿರುವ ವರದಿಯ ಹಿಂದೆ ಕಾಮತರ ಶ್ರಮವಿದೆ. ಆ ತಾಯಂದಿರು ಅವರ ಹೆಸರು ಕೇಳಿರಲಾರರು.

ಇದೇ ಪರೀಕ್ಷೆ ಸಂಶೋಧನೆಯ ಇನ್ನೊಂದು ಅಗತ್ಯವನ್ನೂ ತೋರಿಸುತ್ತದೆ. ಕಾಮತರು ಕಂಡ ಮಕ್ಕಳು ತೊಂಬತ್ತು ವರ್ಷಗಳ ಹಿಂದಿನ ಮಕ್ಕಳು. ಇಂದು ದಿಲ್‌ಸುಖ್‌ನಗರದ ಕನ್ನಡ ಮನೆಯ ಮಗುವನ್ನು ತೆಗೆದುಕೊಳ್ಳಿ. ಅಜ್ಜಿಯೊಡನೆ ಕನ್ನಡ, ಕೆಳಗಿನ ಮನೆಯ ಹುಡುಗರೊಡನೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು, ಆಟೋದವನೊಡನೆ ಹೈದರಾಬಾದಿ ಹಿಂದಿ. ಒಂದು ಪದಾರ್ಥದ ಹೆಸರು ಕೇಳಿದರೆ ಅದು ತೆಲುಗಿನಲ್ಲಿ ಹೇಳುತ್ತದೆ, ಬಣ್ಣದ ಹೆಸರು ಕೇಳಿದರೆ ಇಂಗ್ಲಿಷಿನಲ್ಲಿ. ಕನ್ನಡದಲ್ಲೇ ಪರೀಕ್ಷಿಸಿದರೂ ಅಂಕ ಕಡಿಮೆ, ತೆಲುಗಿನಲ್ಲೇ ಪರೀಕ್ಷಿಸಿದರೂ ಕಡಿಮೆ. ಮಗುವಿಗೆ ಬುದ್ಧಿ ಕಡಿಮೆಯೋ, ಪರೀಕ್ಷೆಗೆ ಭಾಷೆ ಕಡಿಮೆಯೋ? ಇದನ್ನು ತೀರ್ಮಾನಿಸಲು ರೋಗಿಗಳನ್ನು ನೋಡಿದ ಅನುಭವವೊಂದೇ ಸಾಲದು. ಕೂತು ಅಳೆದು, ಹೋಲಿಸಿ, ಬರೆದಿಡುವವರು ಬೇಕು. ಸಂಶೋಧನೆಯ ಹಿನ್ನೆಲೆ ಬೇಕೆಂದು ನಾವು ವಾದಿಸುವುದು ಈ ಅರ್ಥದಲ್ಲಿ.

ಕನ್ನಡ ನಾಡು ಈ ವಿಷಯದಲ್ಲಿ ಹಿಂದೆ ಬಿದ್ದದ್ದೇನೂ ಅಲ್ಲ. ಮೈಸೂರು ವಿಶ್ವವಿದ್ಯಾನಿಲಯ 1924ರಲ್ಲೇ ಮನೋವಿಜ್ಞಾನದ ವಿಭಾಗ ತೆರೆಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಕಲಿತು ಬಂದವರು. 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿ ಅದನ್ನು ಆಕಾಶವಾಣಿ ಎಂದು ಕರೆದವರೂ ಅವರೇ. 1954ರಲ್ಲಿ ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ಮರುವರ್ಷವೇ ಅಲ್ಲಿ ಕ್ಲಿನಿಕಲ್ ಸೈಕಾಲಜಿಯ ತರಬೇತಿ ಆರಂಭವಾಯಿತು. ಅಲ್ಲಿನ ಮಾನಸಿಕ ಆಸ್ಪತ್ರೆಯೂ ಆ ಸಂಸ್ಥೆಯೂ 1974ರಲ್ಲಿ ಒಂದಾಗಿ ನಿಮ್ಹಾನ್ಸ್ ಆಯಿತು. ಎಂಬತ್ತರ ದಶಕದಲ್ಲಿ ನಿಮ್ಹಾನ್ಸಿನವರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ನಡೆಸಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟರೆ, ಮನೋರೋಗಿಗಳನ್ನು ಬೆಂಗಳೂರಿಗೆ ಒಯ್ಯದೆ ತಾಲ್ಲೂಕಿನಲ್ಲೇ ನೋಡಿಕೊಳ್ಳಬಹುದೇ ಎಂಬುದು ಅವರ ಪ್ರಶ್ನೆ. ನೋಡಿಕೊಳ್ಳಬಹುದೆಂದು ತೋರಿತು. 1996ರಲ್ಲಿ ಆರಂಭವಾದ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿಯಾಯಿತು. ಈ ಪ್ರಯೋಗದಿಂದ ಎಷ್ಟು ಪ್ರಬಂಧಗಳು ಹೊರಬಂದವೆಂದು ಎಣಿಸಿದರೆ ಅದರ ಬೆಲೆ ತಿಳಿಯುವುದಿಲ್ಲ. ಎಷ್ಟು ಜಿಲ್ಲೆಗಳಿಗೆ ಅದು ತಲುಪಿತೆಂದು ನೋಡಿದರೆ ತಿಳಿಯುತ್ತದೆ.

ಇನ್ನು ತಕ್ಕಡಿಯ ಮಾತು. ಪ್ರಬಂಧಗಳನ್ನು ಓದುವುದು ಕಷ್ಟ, ಎಣಿಸುವುದು ಸುಲಭ. 2010ರಲ್ಲಿ ಯು.ಜಿ.ಸಿ.ಯು ಅಧ್ಯಾಪಕರ ನೇಮಕ, ಬಡ್ತಿಗಳಿಗೆ ಅಂಕ ಲೆಕ್ಕದ ಪದ್ಧತಿಯನ್ನು ತಂದಿತು. ಪ್ರಬಂಧಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ದರ ನಿಗದಿಯಾಯಿತು. ದರ ನಿಗದಿಯಾದ ಮೇಲೆ ಮಾರುಕಟ್ಟೆ ಹುಟ್ಟದೆ ಇರುತ್ತದೆಯೇ? ಹಣ ಕೊಟ್ಟರೆ ವಾರದಲ್ಲಿ ಅಚ್ಚು ಹಾಕುವ ಪತ್ರಿಕೆಗಳು ನಾಯಿಕೊಡೆಗಳಂತೆ ಎದ್ದವು. ಇದರ ಪರಿಣಾಮವಾಗಿ 2018ರ ಮೇ ತಿಂಗಳಲ್ಲಿ ಯು.ಜಿ.ಸಿ. ತಾನೇ ಒಪ್ಪಿದ್ದ ಪಟ್ಟಿಯಿಂದ 4,305 ಪತ್ರಿಕೆಗಳ ಹೆಸರನ್ನು ಹೊಡೆದುಹಾಕಬೇಕಾಯಿತು. ಅದೇ ವರ್ಷದ ಹೊಸ ನಿಯಮಾವಳಿಯಲ್ಲಿ, ವಿಶ್ವವಿದ್ಯಾನಿಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಸಂದರ್ಶನಕ್ಕೆ ಅಭ್ಯರ್ಥಿಗಳನ್ನು ಆರಿಸುವಾಗ ಒಂದು ಪ್ರಬಂಧಕ್ಕೆ 2 ಅಂಕ, ಎಷ್ಟೇ ಇದ್ದರೂ 10ಕ್ಕಿಂತ ಹೆಚ್ಚಿಲ್ಲ ಎಂದು ಮಿತಿ ಹಾಕಿದರು. 2022ರಲ್ಲಿ, ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮುಂಚೆ ಪ್ರಬಂಧ ಪ್ರಕಟಿಸಿರಲೇಬೇಕೆಂಬ ಕಡ್ಡಾಯವನ್ನೂ ಕೈಬಿಟ್ಟರು. ಎಣಿಕೆಯನ್ನು ಆರಂಭಿಸಿದವರೇ ಹೀಗೆ ಹೆಜ್ಜೆ ಹಿಂದಕ್ಕಿಟ್ಟಿರುವಾಗ, ಆಯ್ಕೆ ಸಮಿತಿಗಳ ಮನಸ್ಸಿನಿಂದ ಮಾತ್ರ ಅದು ಇಳಿದಂತಿಲ್ಲ.

ಮನೋವಿಜ್ಞಾನದಲ್ಲಂತೂ ಎಣಿಕೆಯನ್ನು ನಂಬುವಂತೆಯೇ ಇಲ್ಲ. ಆ ಶಾಸ್ತ್ರದ ಹೆಸರಾಂತ ಪತ್ರಿಕೆಗಳಲ್ಲಿ ಬಂದ 100 ಅಧ್ಯಯನಗಳನ್ನು ಹಲವು ದೇಶಗಳ ವಿಜ್ಞಾನಿಗಳು ಕೂಡಿ ಮತ್ತೆ ಮಾಡಿ ನೋಡಿದರು. 2015ರಲ್ಲಿ ಅದರ ವರದಿ ಬಂತು. ಮೊದಲು ಪ್ರಕಟವಾದಾಗ 100ರಲ್ಲಿ 97 ಅಧ್ಯಯನಗಳು ಸ್ಪಷ್ಟವಾದ ಫಲಿತಾಂಶ ತೋರಿಸಿದ್ದವು. ಮತ್ತೆ ಮಾಡಿದಾಗ ಶೇಕಡಾ 36ರಷ್ಟು ಮಾತ್ರ ಹಾಗೆ ತೋರಿಸಿದವು. ಅಂದರೆ ಒಳ್ಳೆಯ ಪತ್ರಿಕೆಯಲ್ಲಿ ಅಚ್ಚಾದುದೂ ಸ್ಥಿರವಾಗಿ ನಿಲ್ಲುವುದೆಂಬ ಭರವಸೆಯಿಲ್ಲ. ಹೀಗಿರುವಾಗ ಒಂಬತ್ತು ಎರಡಕ್ಕಿಂತ ಹೆಚ್ಚು ಎಂಬುದು ಗಣಿತದಲ್ಲಿ ನಿಜ. ವಿಜ್ಞಾನದಲ್ಲಿ ನಿಜವಾಗಬೇಕಾದರೆ ಒಂಬತ್ತನ್ನೂ ಎರಡನ್ನೂ ಓದಿ ನೋಡಿರಬೇಕು.

ಕನ್ನಡದಲ್ಲಿ ಬರೆದವರ ಪಾಡು ಇನ್ನೂ ಕಷ್ಟ. 'ಕೊರವಂಜಿ'ಯನ್ನು ನಡೆಸಿದ ಡಾ. ಎಂ. ಶಿವರಾಂ ಅವರ 'ಮನಮಂಥನ' ಮನೋರೋಗಗಳನ್ನು ಕುರಿತ ಕನ್ನಡ ಗ್ರಂಥ; ಅದಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಪ್ರಬಂಧಗಳನ್ನಷ್ಟೇ ಎಣಿಸುವ ಅರ್ಜಿಯಲ್ಲಿ ಅಂಥ ಗ್ರಂಥವನ್ನು ಬರೆಯಲು ಒಂದು ಸಾಲೂ ಇರುವುದಿಲ್ಲ. ರೋಗಿಯ ಮನೆಯವರು ಓದಬಲ್ಲದ್ದಕ್ಕೆ ಅಂಕವಿಲ್ಲ, ಅವರು ಎಂದೂ ಓದದೆ ಇರುವುದಕ್ಕೆ ಅಂಕವಿದೆ. ಈ ವಿಪರ್ಯಾಸವನ್ನು ನಾವು ಎತ್ತಿ ಹೇಳಲೇಬೇಕು.

ಆದರೆ ಸಮಿತಿಯವರ ಮಾತನ್ನೂ ಕೇಳಬೇಕು. ಮೇಜಿನ ಮೇಲೆ ನೂರಾರು ಅರ್ಜಿಗಳು, ಸ್ಥಾನ ಒಂದೋ ಎರಡೋ. ಎಣಿಕೆ ಇಲ್ಲವಾದರೆ ಅದರ ಜಾಗಕ್ಕೆ ಏನು ಬರುತ್ತದೆ ಎಂಬುದನ್ನು ಕಚೇರಿಯಲ್ಲಿದ್ದ ನಾವು ಕಂಡಿದ್ದೇವೆ: ಶಿಫಾರಸು ಪತ್ರ, ಫೋನು, ಊರು, ಜಾತಿ. ಸಂಖ್ಯೆಗೆ ಸೋದರಮಾವನಿಲ್ಲ. ಪರಸ್ಥಳದಲ್ಲಿ ಬಂದು ನಿಂತ ನಮ್ಮಂಥವರ ಮಕ್ಕಳಿಗೆ, ಹೇಳುವವರು ಕೇಳುವವರು ಇಲ್ಲದ ಕಡೆ, ಎಷ್ಟೋ ಸಲ ಸಂಖ್ಯೆಯೇ ನ್ಯಾಯ ಕೊಟ್ಟಿದೆ. ಆದಕಾರಣ ಎಣಿಕೆಯನ್ನು ಪೂರ್ತಿ ತೆಗೆದುಹಾಕಿ ಎಂದು ನಾವು ಹೇಳುವುದಿಲ್ಲ. ಮೊದಲ ಸುತ್ತಿಗೆ ಎಣಿಕೆ ಇರಲಿ, ಅದಕ್ಕೊಂದು ಮಿತಿಯೂ ಇರಲಿ. ಎರಡನೆಯ ಸುತ್ತಿನಲ್ಲಿ ಅಭ್ಯರ್ಥಿಯೇ ಆರಿಸಿಕೊಟ್ಟ ಎರಡು ಪ್ರಬಂಧಗಳನ್ನು ಸಮಿತಿಯವರು ಓದಲಿ. ಆರು ಜನರ ಹೆಸರಿರುವ ಪ್ರಬಂಧದಲ್ಲಿ ಇವರು ಮಾಡಿದ್ದೇನು, ಪ್ರಶ್ನೆ ಯಾರದು, ರೋಗಿಗಳನ್ನು ಕಂಡು ಮಾತನಾಡಿಸಿದವರು ಯಾರು, ಲೆಕ್ಕ ಹಾಕಿದವರು ಯಾರು, ಇಷ್ಟನ್ನು ಎದುರಿಗೆ ಕೂರಿಸಿ ಕೇಳಲಿ. ಅರ್ಧ ಗಂಟೆಯ ಕೆಲಸ.

ಈಗ ನಮ್ಮ ಹುಡುಗಿಯ ಅರ್ಜಿಗೆ ಬರೋಣ. ಓದಿದಾಗ ನಮಗೆ ಎರಡು ಸಂಗತಿಗಳು ಕಂಡವು. ಒಂದು, ಅವಳ ಒಳ್ಳೆಯ ಕೆಲಸವೇ ಅದರಲ್ಲಿ ಇರಲಿಲ್ಲ. ತಾಯಂದಿರನ್ನು ಕೇಳುವ ಪ್ರಶ್ನಾವಳಿ ಇಂಗ್ಲಿಷಿನಲ್ಲಿತ್ತು. ಅವಳು ಅದನ್ನು ಕನ್ನಡಕ್ಕೆ ತಂದಿದ್ದಳು. ಇನ್ನೊಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸಿ, ಮೂಲದೊಡನೆ ಹೋಲಿಸಿ ನೋಡಿದ್ದಳು. ಪುಸ್ತಕದ ಕನ್ನಡದಲ್ಲಿ 'ಖಿನ್ನತೆ' ಎಂದು ಕೇಳಿದಾಗ ತಾಯಂದಿರು ಸುಮ್ಮನೆ ಮುಖ ನೋಡಿದರಂತೆ. 'ಜೀವಕ್ಕ ಸಮಾಧಾನ ಇಲ್ಲ' ಎನ್ನುವವರು ಕೆಲವರು. ಹೈದರಾಬಾದಿನಲ್ಲೇ ಬೆಳೆದವರು 'ಪರೇಶಾನ್' ಎನ್ನುತ್ತಾರೆ, 'ಟೆನ್ಷನ್' ಎನ್ನುತ್ತಾರೆ. 'ಸಂಕಟ' ಎಂಬ ಮಾತು ಒಬ್ಬರಿಗೆ ಮನಸ್ಸಿನದು, ಇನ್ನೊಬ್ಬರಿಗೆ ಹೊಟ್ಟೆಯದು. ಯಾವ ಮಾತಿಗೆ ಯಾವ ಅರ್ಥ ಎಂದು ಗೊತ್ತುಮಾಡಲು ಅವಳಿಗೆ ಎಂಟು ತಿಂಗಳು ಹಿಡಿಯಿತು. ಅರ್ಜಿಯಲ್ಲಿ ಇದರ ಬಗ್ಗೆ ಒಂದು ಅಕ್ಷರವಿಲ್ಲ. ಏಕೆಂದು ಕೇಳಿದೆವು. "ಅದು ಬರೇ ಅನುವಾದ ಅಲ್ಲೇನ್ರಿ ಕಾಕಾ? ಅದೂ ಸಂಶೋಧನ ಅಂತ ಬರೀಬಹುದಾ?" ಎಂದಳು. ಕಾಮತರು ಮಾಡಿದ್ದು ಇದೇ ಜಾತಿಯ ಕೆಲಸ ಎಂದು ನಾವು ಹೇಳಬೇಕಾಯಿತು. ಮನೆಯಲ್ಲಿ ಆಡುವ ಮಾತಿಗೆ ವಿದ್ಯೆಯ ಮಾನವಿಲ್ಲ ಎಂದು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಅವಳು ತಾನೇ ಹಾಗೆ ತಿಳಿದುಕೊಂಡಿದ್ದಾಳೆ. ನಮ್ಮ ಮಕ್ಕಳಲ್ಲಿ ಈ ತಿಳಿವಳಿಕೆ ಬೇರೂರಿರುವುದಕ್ಕೆ ಕನ್ನಡ ಮನೆಗಳವರಾದ ನಾವೂ ಹೊಣೆ.

ಎರಡನೆಯದು ಹೇಳಲು ಕಷ್ಟವಾದದ್ದು. ಮುಂದೆ ಮಾಡುವ ಕೆಲಸ ಎಂಬ ತಲೆಬರಹದ ಕೆಳಗೆ ಅವಳು ಬರೆದಿದ್ದು ಮೆದುಳಿನ ಚಿತ್ರ ತೆಗೆಯುವ ಯಂತ್ರದಿಂದ ಮಾಡಬೇಕಾದ ಅಧ್ಯಯನ. ಆ ಯಂತ್ರದ ಬಳಿ ಅವಳು ಒಂದು ದಿನವೂ ಕೆಲಸ ಮಾಡಿಲ್ಲ. ಈಗ ಅಂಥ ವಿಷಯಗಳಿಗೆ ಹಣ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ತಾಯಂದಿರ ಮಾತನ್ನು ಐದು ವರ್ಷ ಕೇಳಿದವಳು ಆರನೆಯ ವರ್ಷಕ್ಕೆ ಯಂತ್ರದ ಮುಂದೆ ಕೂರುತ್ತೇನೆ ಎಂದರೆ, ಓದುವವರಿಗೆ ನಂಬಿಕೆ ಹೇಗೆ ಬರಬೇಕು? ಸಮಿತಿಯಲ್ಲಿ ನಾವೇ ಇದ್ದಿದ್ದರೂ ಈ ಅರ್ಜಿಯನ್ನು ಆರಿಸುತ್ತಿದ್ದೆವೆಂದು ಧೈರ್ಯವಾಗಿ ಹೇಳಲಾರೆವು. ಪ್ರಬಂಧಗಳು ಎರಡೇ ಇದ್ದದ್ದು ದೊಡ್ಡ ಕೊರತೆಯಲ್ಲ. ಆ ಎರಡಕ್ಕೂ ಮುಂದಿನ ಯೋಜನೆಗೂ ಸಂಬಂಧವಿಲ್ಲದ್ದು ದೊಡ್ಡ ಕೊರತೆ. ಹಿನ್ನೆಲೆ ಎಂದರೆ ಹಿಂದೆ ಇಟ್ಟ ಹೆಜ್ಜೆ ಮುಂದಿನ ಹೆಜ್ಜೆಗೆ ಆಧಾರವಾಗುವುದು. ಅದು ಇಲ್ಲದಿದ್ದರೆ ಒಂಬತ್ತು ಪ್ರಬಂಧಗಳೂ ಬಿಡಿ ಬಿಡಿ ಕಾಗದಗಳೇ. ಈ ಮಾತನ್ನು ಅವಳೆದುರು ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನನಗೂ ಆ ವಿಷಯ ಬೇಕಾಗಿರಲಿಲ್ರಿ" ಎಂದಳು.

ಮನೆಯವರ ಪಾಲಿನ ಬಗ್ಗೆಯೂ ಒಂದು ಮಾತು. ಮೂವತ್ತು ದಾಟಿದ ಹುಡುಗಿ ಇನ್ನೂ ಅರ್ಜಿ ಹಾಕುತ್ತ ಕೂತಿದ್ದಾಳೆ ಎಂಬ ಚಿಂತೆ ತಾಯ್ತಂದೆಯರಿಗೆ ಇರುವುದು ಸಹಜ. ಫೆಲೋಶಿಪ್ ಎರಡೋ ಮೂರೋ ವರ್ಷದ ಮಾತು. ಅದರ ನಂತರ ಕೆಲಸದ ಖಾತ್ರಿಯಿಲ್ಲ. ಆದ್ದರಿಂದ, ತರಬೇತಿ ಪಡೆದು ನೋಂದಾಯಿಸಿಕೊಂಡವಳು ನೇರವಾಗಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರೆ ಅದನ್ನು ಯಾರೂ ಸೋಲೆಂದು ಎಣಿಸಬಾರದು. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಂತೆ, ಹಲವು ಬಗೆಯ ಮನೋವ್ಯಾಧಿಗಳಲ್ಲಿ ಚಿಕಿತ್ಸೆ ಸಿಗದವರ ಪ್ರಮಾಣ ಶೇಕಡಾ 70ರಿಂದ 92ರವರೆಗೆ ಇದೆ. ಇಂಥ ದೇಶದಲ್ಲಿ ರೋಗಿಯ ಮಾತನ್ನು ಅವನ ಭಾಷೆಯಲ್ಲೇ ಕೇಳಬಲ್ಲ ಒಬ್ಬಳು ಮನೋವಿಜ್ಞಾನಿ ಎಲ್ಲಿ ಕೂತರೂ ಉಪಯೋಗಕ್ಕೇ ಬರುತ್ತಾಳೆ. ಸಿಕಂದರಾಬಾದಿನ ಮನೋವಿಕಾಸನಗರದಲ್ಲಿ 1984ರಿಂದ ಬುದ್ಧಿಮಾಂದ್ಯರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಂಸ್ಥೆ ಇದೆ. ಎರ್ರಗಡ್ಡದಲ್ಲಿ ದೊಡ್ಡ ಮಾನಸಿಕ ಆಸ್ಪತ್ರೆ ಇದೆ. ನಮ್ಮಲ್ಲಿ ಎಷ್ಟು ಮನೆಗಳವರು ಈ ಬಾಗಿಲುಗಳನ್ನು ತಟ್ಟಿದ್ದಾರೆ? ಮಗುವಿನ ತೊಂದರೆಯನ್ನು ನೆಂಟರಿಂದ ಮುಚ್ಚಿಟ್ಟು, ದಿಲ್‌ಸುಖ್‌ನಗರದ ಟ್ಯೂಷನ್ನಿಗೆ ಕಳಿಸಿದರೆ ಸರಿಹೋದೀತೆಂದು ವರ್ಷಗಟ್ಟಲೆ ಕಾದವರನ್ನು ನಾವು ಬಲ್ಲೆವು.

ಹುಡುಗಿ ಈಗ ಅರ್ಜಿಯನ್ನು ಹೊಸದಾಗಿ ಬರೆಯುತ್ತಿದ್ದಾಳೆ. ಮನೆಯಲ್ಲಿ ಕನ್ನಡ, ಹೊರಗೆ ತೆಲುಗು, ಶಾಲೆಯಲ್ಲಿ ಇಂಗ್ಲಿಷು ಆಡುವ ಮಕ್ಕಳನ್ನು ಪರೀಕ್ಷಿಸುವುದು ಹೇಗೆ ಎಂಬುದೇ ಈ ಸಲದ ಪ್ರಶ್ನೆ. ಎರಡು ಪ್ರಬಂಧಗಳನ್ನೂ, ಪ್ರಶ್ನಾವಳಿಯ ಎಂಟು ತಿಂಗಳ ಕೆಲಸವನ್ನೂ ಅದಕ್ಕೆ ಜೋಡಿಸಿದ್ದಾಳೆ. ಆಯ್ಕೆಯಾಗುತ್ತದೆಂದು ನಾವು ಭವಿಷ್ಯ ಹೇಳುವುದಿಲ್ಲ. ತಕ್ಕಡಿ ಇನ್ನೂ ಹಳೆಯದೇ. ಆದರೆ ಕೆಲಸ ನಿಲ್ಲುವುದು ಬೇಡ. ಆರರಿಂದ ಹತ್ತು ವರ್ಷದ ಮಕ್ಕಳಿರುವ ನಮ್ಮ ಸದಸ್ಯರು, ಮಕ್ಕಳು ಚೂಟಿಯಾಗಿರಲಿ, ಹಿಂದುಳಿದಿರಲಿ, ಒಂದು ಭಾನುವಾರ ಎರಡು ಗಂಟೆಯ ಹೊತ್ತು ಅವರನ್ನು ಕರೆತಂದು ಅವಳೊಡನೆ ಮಾತನಾಡಿಸಬಹುದು. ಹೆಸರು, ವಿಳಾಸಗಳನ್ನು ಎಲ್ಲಿಯೂ ಬರೆಯುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ಒಪ್ಪಿಗೆಯಿದ್ದವರು ಸಂಘದ ಕಚೇರಿಯಲ್ಲಿ ತಿಳಿಸಬೇಕಾಗಿ ಕೋರುತ್ತೇವೆ. ಅವಳ ತಾಯಿ ಆ ದಿನ ಉಪ್ಪಿಟ್ಟು ಮಾಡಿ ತರುತ್ತಾರಂತೆ. ಪೇಪರಿನ ಲೆಕ್ಕ ಕೇಳುವುದನ್ನು ಸದ್ಯಕ್ಕೆ ಬಿಟ್ಟಿದ್ದಾರೆ.